ಯಂತ್ರಕ್ಕೆ ಎರಡು ಬೆಲೆ

ನಮ್ಮ ಸೀಮೆಯ ಅಡಿಕೆ ಬೆಳೆಗಾರರ ಮನೆಗಳಲ್ಲಿ ಅಡಿಕೆ ಬೇಯಿಸುವ ತಾಮ್ರದ ಹಂಡೆ ಇರುವುದುಂಟು. ಅದು ಒಲೆಯ ಮೇಲಿರುವವರೆಗೆ ಅದರ ತೂಕವೆಷ್ಟೆಂದು ಯಾರೂ ವಿಚಾರಿಸುವುದಿಲ್ಲ. ಒಂದು ಸಲಕ್ಕೆ ಎಷ್ಟು ಅಡಿಕೆ ಬೇಯುತ್ತದೆ ಎಂದಷ್ಟೇ ಕೇಳುತ್ತಾರೆ. ತಳ ತೂತಾಗಿ, ಬೆಸುಗೆಗೂ ಬಗ್ಗದಂತಾದ ದಿನ ಅದೇ ಹಂಡೆ ತಕ್ಕಡಿಗೆ ಏರುತ್ತದೆ. ಅಂದಿನಿಂದ ಅದು ಹಂಡೆಯಲ್ಲ, ಇಷ್ಟು ಸೇರು ತಾಮ್ರ. ದೊಡ್ಡ ಕಾರ್ಖಾನೆಗಳ ಯಂತ್ರಗಳ ಕಥೆಯೂ ಇದೇ. ಪ್ರತಿಯೊಂದು ಯಂತ್ರಕ್ಕೂ ಎರಡು ಬೆಲೆಗಳಿವೆ. ಒಂದು ಅದರ ದುಡಿಮೆಯ ಬೆಲೆ. ಮತ್ತೊಂದು ಅದರ ಲೋಹದ ಬೆಲೆ. ಯಂತ್ರವು ಮೊದಲನೆಯ ಬೆಲೆಯಿಂದ ಎರಡನೆಯ ಬೆಲೆಗೆ ಇಳಿಯುವುದು ಯಾವಾಗ? ಇಳಿದ ಮೇಲೆ ಅದನ್ನು ಬಿಚ್ಚುವ ಕ್ರಮವೇನು? ತಕ್ಕಡಿಗೆ ಸಿಗದೆ ಹೋಗುವುದು ಯಾವುದು? ಈ ಮೂರು ಪ್ರಶ್ನೆಗಳನ್ನು ಕುರಿತು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ. ಕಲಾವಿಭಾಗದ ವಿದ್ಯಾರ್ಥಿಗೆ ಯಂತ್ರದ ಗೊಡವೆ ಏಕೆಂದು ಕೆಲವರು ಕೇಳಬಹುದು. ಯಂತ್ರವನ್ನು ಕಟ್ಟುವುದು ಎಂಜಿನಿಯರನ ವಿದ್ಯೆಯೇ ಸರಿ. ಆದರೆ ಅದನ್ನು ಯಾವಾಗ ಕೆಡವಬೇಕೆಂಬುದು ಅರ್ಥಶಾಸ್ತ್ರಕ್ಕೂ ಇತಿಹಾಸಕ್ಕೂ ಸೇರಿದ ಪ್ರಶ್ನೆ.

ಯಂತ್ರವು ಮುಪ್ಪಿನಿಂದ ಗುಜರಿಗೆ ಹೋಗುತ್ತದೆ ಎಂಬುದು ಸಾಮಾನ್ಯವಾದ ನಂಬಿಕೆ. ಈ ನಂಬಿಕೆ ಎಷ್ಟು ಸರಿ ಎಂಬುದನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ನಮ್ಮ ತಾಲ್ಲೂಕಿನ ಜೋಗದಲ್ಲಿರುವ ಮಹಾತ್ಮಾಗಾಂಧಿ ಜಲವಿದ್ಯುದಾಗಾರವನ್ನೇ ನೋಡೋಣ. ೧೯೩೯ರಲ್ಲಿ ಕೃಷ್ಣರಾಜೇಂದ್ರರ ಹೆಸರಿನಲ್ಲಿ ಆರಂಭವಾದ ಈ ಯೋಜನೆಯಿಂದ ೧೯೪೮ರಲ್ಲಿ ವಿದ್ಯುತ್ತು ಹರಿಯಿತು. ಅಲ್ಲಿ ಎಂಟು ಯಂತ್ರಗಳು. ನಾಲ್ಕು ತಲಾ ೧೨ ಮೆಗಾವಾಟಿನವು, ನಾಲ್ಕು ತಲಾ ೧೮ ಮೆಗಾವಾಟಿನವು, ಒಟ್ಟು ೧೨೦ ಮೆಗಾವಾಟು. ಆ ವಿದ್ಯುದಾಗಾರಕ್ಕೆ ನೀರು ಕೂಡಿಸಿಕೊಡುತ್ತಿದ್ದ ಹಿರೇಭಾಸ್ಕರ ಅಣೆಕಟ್ಟು ೧೯೬೪ರಲ್ಲಿ ಲಿಂಗನಮಕ್ಕಿಯ ಜಲಾಶಯದಲ್ಲಿ ಮುಳುಗಿಹೋಯಿತು. ನೀರು ತೀರ ಇಳಿದ ಬೇಸಗೆಗಳಲ್ಲಿ ಮಾತ್ರ ಅದರ ಮೈ ಕಾಣಿಸುತ್ತದೆ. ಅಣೆಕಟ್ಟು ಹೋದರೂ ಯಂತ್ರಗಳು ಹೋಗಲಿಲ್ಲ. ಶರಾವತಿಯ ನೀರು ತಪ್ಪಲಿಲ್ಲ, ವಿದ್ಯುತ್ತಿನ ಬೇಡಿಕೆ ತಗ್ಗಲಿಲ್ಲ. ಆದುದರಿಂದ ಸವೆದ ಭಾಗಗಳನ್ನು ಬಿಚ್ಚಿ ಹೊಸ ಭಾಗಗಳನ್ನು ಹೂಡಿದರು. ಈ ನವೀಕರಣದಿಂದ ಯಂತ್ರಗಳ ಶಕ್ತಿ ತಲಾ ೧೩.೨ ಮತ್ತು ೨೧.೬ ಮೆಗಾವಾಟಿಗೆ ಏರಿ, ಒಟ್ಟು ೧೩೯.೨ ಮೆಗಾವಾಟಾಯಿತು. ಮುಪ್ಪೇ ಕಾರಣವಾಗಿದ್ದರೆ ಇವು ಎಂದೋ ತಕ್ಕಡಿಗೆ ಏರಬೇಕಾಗಿತ್ತು.

ಇದಕ್ಕೆ ವಿರುದ್ಧವಾದ ನಿದರ್ಶನವೂ ನಮ್ಮಲ್ಲೇ ಇದೆ. ೧೯೪೦ರಲ್ಲಿ ತಾಳಗುಪ್ಪದವರೆಗೆ ಬಂದ ರೈಲುಮಾರ್ಗವು ಮೀಟರ್ ಗೇಜಿನದು. ಎರಡು ಕಂಬಿಗಳ ನಡುವಣ ಅಂತರ ೧,೦೦೦ ಮಿಲಿಮೀಟರು. ದೇಶದ ಮುಖ್ಯ ಮಾರ್ಗಗಳೆಲ್ಲ ೧,೬೭೬ ಮಿಲಿಮೀಟರಿನ ಬ್ರಾಡ್ ಗೇಜಿಗೆ ತಿರುಗಿದ ಮೇಲೆ ಶಿವಮೊಗ್ಗ-ತಾಳಗುಪ್ಪ ಮಾರ್ಗವನ್ನೂ ಬದಲಾಯಿಸಿದರು. ೨೦೧೧ರ ಹೊತ್ತಿಗೆ ಆ ಕೆಲಸ ಮುಗಿಯಿತು. ಮೀಟರ್ ಗೇಜಿನ ಇಂಜಿನು ಎಷ್ಟೇ ಗಟ್ಟಿಯಾಗಿರಲಿ, ಅದರ ಕಂಬಿಯೇ ಇಲ್ಲದ ಮೇಲೆ ಅದಕ್ಕೆ ದಾರಿ ಎಲ್ಲಿ? ೬೭೬ ಮಿಲಿಮೀಟರಿನ ವ್ಯತ್ಯಾಸವು ಗಟ್ಟಿಮುಟ್ಟಾದ ಯಂತ್ರವನ್ನೂ ಕಬ್ಬಿಣದ ರಾಶಿಯನ್ನಾಗಿ ಮಾಡಬಲ್ಲುದು. ಹೊಸನಗರ ತಾಲ್ಲೂಕಿನ ಅರಸಾಳು ನಿಲ್ದಾಣದ ಹಳೆಯ ಕಟ್ಟಡ ಮಾತ್ರ ಬೇರೊಂದು ಪುಣ್ಯದಿಂದ ಉಳಿಯಿತು. ಶಂಕರನಾಗ್ ಅವರ 'ಮಾಲ್ಗುಡಿ ಡೇಸ್' ಅಲ್ಲಿ ಚಿತ್ರೀಕರಣವಾಗಿದ್ದುದರಿಂದ ೨೦೨೦ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು.

ಮೂರನೆಯ ನಿದರ್ಶನ ಕುದುರೆಮುಖದ್ದು. ೧೯೭೬ರಲ್ಲಿ ಸ್ಥಾಪಿತವಾದ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿಯು ಬೆಟ್ಟವನ್ನು ಅಗೆದು, ಅದಿರನ್ನು ಅರೆದು, ನೀರಿನಲ್ಲಿ ಕಲಸಿ, ೬೭ ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿತ್ತು. ಬೆಟ್ಟ ಅಗೆಯುವ ಯಂತ್ರಗಳು, ಮನೆಯೆತ್ತರದ ಲಾರಿಗಳು, ಅದಿರು ಅರೆಯುವ ಗಿರಣಿಗಳು ಅಲ್ಲಿದ್ದವು. ಆ ಬೆಟ್ಟಗಳು ರಾಷ್ಟ್ರೀಯ ಉದ್ಯಾನದೊಳಗಿನವು. ತುಂಗೆ, ಭದ್ರೆ, ನೇತ್ರಾವತಿಯರ ತವರು. ತೀರ್ಥಹಳ್ಳಿಯಲ್ಲಿ ನಾವು ಕಾಣುವ ತುಂಗೆ ಆ ಕಡೆಯಿಂದಲೇ ಇಳಿದು ಬರುತ್ತಾಳೆ. ೨೦೦೨ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಅದರಂತೆ ೨೦೦೫ರ ಡಿಸೆಂಬರ್ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡಿನ ದೃಷ್ಟಿಯಿಂದ ಇದು ನ್ಯಾಯವಾದ ತೀರ್ಪೇ. ಆದರೆ ನಮ್ಮ ವಿಷಯಕ್ಕೆ ಬೇಕಾದ ಅಂಶ ಇಷ್ಟು: ಹಿಂದಿನ ದಿನದವರೆಗೆ ದುಡಿಯುತ್ತಿದ್ದ ಯಂತ್ರಗಳು ಮರುದಿನ ಕೆಲಸವಿಲ್ಲದೆ ನಿಂತವು. ಅದೇ ಕಂಪೆನಿಯ ಮಂಗಳೂರಿನ ಉಂಡೆ ಕಾರ್ಖಾನೆ ಮಾತ್ರ ಬೇರೆ ಕಡೆಯ ಅದಿರನ್ನು ತರಿಸಿಕೊಂಡು ಬದುಕಿತು. ಒಡೆಯನೊಬ್ಬನೇ, ಆದರೆ ಒಂದು ಕಡೆಯ ಯಂತ್ರಕ್ಕೆ ಮಾಡಲು ಕೆಲಸವಿತ್ತು, ಇನ್ನೊಂದು ಕಡೆಯದಕ್ಕೆ ಇರಲಿಲ್ಲ.

ಈ ಮೂರು ನಿದರ್ಶನಗಳಿಂದ ತಿಳಿಯುವುದೇನು? ಯಂತ್ರವನ್ನು ಗುಜರಿ ಮಾಡುವುದು ತುಕ್ಕಲ್ಲ, ಕೆಲಸದ ಅಭಾವ. ಕೆಲಸವಿದ್ದರೆ ತುಕ್ಕನ್ನು ಉಜ್ಜಿ ತೆಗೆಯುವವರು ಸಿಗುತ್ತಾರೆ. ಕೆಲಸವಿಲ್ಲದಿದ್ದರೆ ಹೊಳೆಯುವ ಉಕ್ಕೂ ತಕ್ಕಡಿಯ ಪಾಲು. ಕೆಲಸವನ್ನು ಕೊಡುವುದೂ ಕಸಿಯುವುದೂ ಮನುಷ್ಯರ ನಿರ್ಧಾರ. ಆದುದರಿಂದ ಆಮೇಲೆ ನಡೆಯುವುದರ ಹೊಣೆಯೂ ಮನುಷ್ಯರದೇ.

ಇನ್ನು ಬಿಚ್ಚುವ ಕ್ರಮ. ಒಡೆಯುವುದಕ್ಕೆ ಸುತ್ತಿಗೆ ಸಾಕೆಂದು ತೋರಬಹುದು. ವಾಸ್ತವದಲ್ಲಿ ದೊಡ್ಡ ಯಂತ್ರವನ್ನು ಬಿಚ್ಚುವುದು ಅದನ್ನು ಕಟ್ಟಿದ ಕ್ರಮವನ್ನು ಹಿಂದುಮುಂದಾಗಿ ನಡೆಸುವ ವಿದ್ಯೆ. ಮೊದಲನೆಯ ಕೆಲಸ, ಯಂತ್ರದೊಳಗೆ ಅಡಗಿರುವ ಶಕ್ತಿಯನ್ನು ಇಳಿಸುವುದು. ವಿದ್ಯುತ್ತಿನ ಸಂಬಂಧವನ್ನು ಕಡಿದು, ಮರಳಿ ಯಾರೂ ಹಚ್ಚದಂತೆ ಬೀಗ ಹಾಕಬೇಕು. ಬಿಗಿದ ಸ್ಪ್ರಿಂಗನ್ನು ಸಡಿಲಿಸಬೇಕು. ಎತ್ತಿ ನಿಲ್ಲಿಸಿದ ಭಾರವನ್ನು ಕೆಳಗಿಳಿಸಬೇಕು. ಎರಡನೆಯದು, ಎಣ್ಣೆ, ಅನಿಲ, ಆಮ್ಲ ಮುಂತಾದುವನ್ನು ಬರಿದು ಮಾಡುವುದು. ಮೂರನೆಯದು, ಮರಳಿ ಉಪಯೋಗಿಸಬಹುದಾದ ಮೋಟಾರು, ಪಂಪು, ಹಲ್ಲುಚಕ್ರಗಳನ್ನು ಇಡಿಯಾಗಿ ಬಿಚ್ಚಿ ತೆಗೆಯುವುದು. ಇವಕ್ಕೆ ಇನ್ನೂ ಮೊದಲನೆಯ ಬೆಲೆ ಉಳಿದಿರುತ್ತದೆ. ನಾಲ್ಕನೆಯದು, ಬೆಲೆಬಾಳುವ ಲೋಹಗಳನ್ನು ಬೇರ್ಪಡಿಸುವುದು: ಸುರುಳಿಯ ತಾಮ್ರ, ಬೇರಿಂಗಿನ ಕಂಚು, ತವರ ಬೆರೆತ ಬಿಳಿಯ ಮಿಶ್ರಲೋಹ. ಇಷ್ಟಾದ ಮೇಲೆ ಉಳಿದ ಉಕ್ಕಿನ ಮೈಯನ್ನು ಕತ್ತರಿಸುವುದು. ಇದರಲ್ಲಿಯೂ ಮೇಲಿನಿಂದ ಕೆಳಕ್ಕೆ ಬರಬೇಕು. ಭಾರ ಹೊತ್ತ ಕಂಬವನ್ನು ಮೊದಲೇ ಕತ್ತರಿಸಿದವನ ತಲೆಯ ಮೇಲೆಯೇ ಅದು ಬೀಳುತ್ತದೆ.

ಅನಿಲದ ಜ್ವಾಲೆಯಿಂದ ಉಕ್ಕನ್ನು ಕತ್ತರಿಸುವುದು ರಸಾಯನಶಾಸ್ತ್ರದ ಒಂದು ಸೊಗಸಾದ ಪಾಠ. ಜ್ವಾಲೆಯು ಉಕ್ಕನ್ನು ಕರಗಿಸುತ್ತದೆಂದು ನಾವು ತಿಳಿಯುತ್ತೇವೆ. ಕಬ್ಬಿಣ ಕರಗಲು ೧,೫೩೮ ಡಿಗ್ರಿ ಸೆಂಟಿಗ್ರೇಡಿನ ಶಾಖ ಬೇಕು. ಆದರೆ ಕತ್ತರಿಸುವವನು ಲೋಹವನ್ನು ಸುಮಾರು ೯೦೦ ಡಿಗ್ರಿಯವರೆಗೆ, ಕೆಂಪಗಾಗುವಷ್ಟು ಮಾತ್ರ ಕಾಯಿಸಿ, ಅದರ ಮೇಲೆ ಶುದ್ಧ ಆಮ್ಲಜನಕವನ್ನು ಧಾರೆಯಾಗಿ ಬಿಡುತ್ತಾನೆ. ಆಗ ಕಬ್ಬಿಣವೇ ಸೌದೆಯಂತೆ ಉರಿಯುತ್ತದೆ. ಉರಿದಾಗ ಹುಟ್ಟುವ ಕಿಟ್ಟ ಕಬ್ಬಿಣಕ್ಕಿಂತ ಕಡಿಮೆ ಶಾಖದಲ್ಲಿ ಕರಗುವುದರಿಂದ ಆ ಧಾರೆಯೇ ಅದನ್ನು ಹೊರಕ್ಕೆ ಊದಿ ತಳ್ಳುತ್ತದೆ. ಈ ಉಪಾಯ ಎಲ್ಲ ಲೋಹಕ್ಕೂ ನಡೆಯದು. ತಾಮ್ರ ಹೀಗೆ ಉರಿಯುವುದಿಲ್ಲ, ಮೇಲಾಗಿ ಶಾಖವನ್ನು ಬೇಗ ಹರಡಿಬಿಡುತ್ತದೆ. ಎರಕದ ಕಬ್ಬಿಣದಲ್ಲಿ ಗ್ರಾಫೈಟು ಅಡ್ಡಬರುತ್ತದೆ. ಅದು ಪೆಡಸು ಲೋಹವಾದ್ದರಿಂದ ಕ್ರೇನಿನಿಂದ ಕಬ್ಬಿಣದ ಗುಂಡನ್ನು ಬೀಳಿಸಿ ಒಡೆಯುವುದೇ ಸುಲಭ. ಲೋಹಗಳನ್ನು ಬೆರಕೆಯಾಗದಂತೆ ವಿಂಗಡಿಸುವುದಕ್ಕೂ ಕಾರಣವಿದೆ. ಉಕ್ಕಿನಲ್ಲಿ ಸೇರಿದ ತಾಮ್ರವನ್ನು ಮರಳಿ ಕರಗಿಸುವಾಗ ತೆಗೆಯುವುದು ಬಹು ಕಷ್ಟ. ಅಂಥ ಉಕ್ಕು ಬಿಸಿಯಲ್ಲಿ ಉರುಳಿಸಿದಾಗ ಬಿರುಕು ಬಿಡುತ್ತದೆ.

ಈ ಕೆಲಸದ ಅಪಾಯಗಳನ್ನು ಹೇಳದೆ ಪಾಠ ಮುಗಿಯದು. ಖಾಲಿಯೆಂದು ತೋರುವ ಪೀಪಾಯಿಯಲ್ಲಿ ಎಣ್ಣೆಯ ಆವಿ ಉಳಿದಿದ್ದರೆ ಒಂದು ಕಿಡಿಗೆ ಅದು ಬಾಂಬಾಗುತ್ತದೆ. ಹಳೆಯ ಬಾಯ್ಲರುಗಳಿಗೆ ಸುತ್ತಿದ ಕಲ್ನಾರಿನ ಧೂಳು ಶ್ವಾಸಕೋಶವನ್ನು ಸೇರಿ, ವರ್ಷಗಳ ನಂತರ ರೋಗವಾಗಿ ಏಳುತ್ತದೆ. ಹಳೆಯ ಕೆಲವು ಟ್ರಾನ್ಸ್‌ಫಾರ್ಮರುಗಳ ಎಣ್ಣೆಯಲ್ಲಿ ಮಣ್ಣಿಗೆ ಸೇರಿದರೆ ಬಹುಕಾಲ ಕರಗದ ವಿಷವಿರುತ್ತದೆ. ಸೀಸದ ಬಣ್ಣ ಬಳಿದ ಉಕ್ಕನ್ನು ಸುಡುವಾಗ ಹೊಗೆಯೊಡನೆ ಸೀಸವೂ ಒಳಗೆ ಹೋಗುತ್ತದೆ. ೧೯೮೩ರಿಂದ ಹಳೆಯ ಹಡಗುಗಳನ್ನು ಒಡೆಯುತ್ತಿರುವ ಗುಜರಾತಿನ ಅಲಂಗ್ ಕಡಲತೀರದಲ್ಲಿ ಈ ಅಪಾಯಗಳಿಗೆ ಬಲಿಯಾದವರು ಅನೇಕರು. ಆ ಅನುಭವದಿಂದಲೇ ಹಡಗು ಒಡೆಯುವುದಕ್ಕೆ ನಮ್ಮ ದೇಶದಲ್ಲಿ ೨೦೧೯ರ ಕಾನೂನು ಬಂದಿತು. ೨೦೦೯ರ ಹಾಂಗ್‌ಕಾಂಗ್ ಒಪ್ಪಂದವು ೨೦೨೫ರ ಜೂನ್ ೨೬ರಿಂದ ಜಾರಿಗೆ ಬಂದಿತು. ಆದರೆ ಊರಂಚಿನ ಗುಜರಿ ಅಂಗಳದಲ್ಲಿ ಬರಿಗಾಲಿನಲ್ಲಿ, ಕನ್ನಡಕವಿಲ್ಲದೆ ಜ್ವಾಲೆ ಹಿಡಿದ ಹುಡುಗನನ್ನು ನಾವು ದಿನವೂ ಕಂಡು ಮುಂದೆ ಹೋಗುತ್ತೇವೆ. ಯಂತ್ರ ಕಟ್ಟಿದವನಿಗೆ ಇದ್ದ ಮರ್ಯಾದೆ ಅದನ್ನು ಬಿಚ್ಚುವವನಿಗೆ ಏಕಿಲ್ಲ? ಬಿಚ್ಚುವವನ ಕೆಲಸವೇ ಹೆಚ್ಚು ಅಪಾಯದ್ದು. ಕಟ್ಟಿದವನ ಕೈಯಲ್ಲಿದ್ದ ನಕ್ಷೆ ಇವನಿಗೆ ಸಾಮಾನ್ಯವಾಗಿ ಸಿಗುವುದೇ ಇಲ್ಲ.

ಹಾಗೆಂದು ಗುಜರಿಯನ್ನು ಹೀನವೆನ್ನುವುದು ತಪ್ಪು. ಒಂದು ಟನ್ನು ಹಳೆಯ ಉಕ್ಕನ್ನು ಕರಗಿಸಿ ಬಳಸಿದರೆ ಸುಮಾರು ೧.೪ ಟನ್ನು ಅದಿರೂ ೭೪೦ ಕಿಲೋಗ್ರಾಂ ಕಲ್ಲಿದ್ದಲೂ ಉಳಿಯುತ್ತವೆಂದು ಲೆಕ್ಕ. ಹಳೆಯ ಅಲ್ಯೂಮಿನಿಯಮ್ಮನ್ನು ಕರಗಿಸಲು, ಅದಿರಿನಿಂದ ಹೊಸದನ್ನು ತೆಗೆಯಲು ಬೇಕಾದ ಶಕ್ತಿಯ ಇಪ್ಪತ್ತನೆಯ ಒಂದು ಪಾಲು ಸಾಕು. ಬೆಟ್ಟವನ್ನು ಅಗೆಯಬಾರದೆಂದು ಬಯಸುವವರು ಗುಜರಿಯವನಿಗೆ ಋಣಿಗಳಾಗಿರಬೇಕು. ನಮ್ಮ ಕಮ್ಮಾರರಿಗೆ ಇದು ಹೊಸ ವಿಚಾರವೂ ಅಲ್ಲ. ಸವೆದ ಲಾರಿಯ ಸ್ಪ್ರಿಂಗುಪಟ್ಟಿಯನ್ನು ಕಾಯಿಸಿ, ಬಡಿದು, ಹದಕೊಟ್ಟು ಅವರು ಮಾಡುವ ಕತ್ತಿ ಮಲೆನಾಡಿನ ತೋಟಗಳಲ್ಲಿ ದಿನವೂ ದುಡಿಯುತ್ತಿದೆ. ಆ ಉಕ್ಕು ಬಾಯಿ ಬೇಗ ಮೊಂಡಾಗಲು ಬಿಡದೆಂಬುದು ಅವರು ಪುಸ್ತಕ ಓದದೆಯೇ ಕಂಡುಕೊಂಡ ಸತ್ಯ. ಬಿಚ್ಚದೆ ಬಿಟ್ಟ ಯಂತ್ರವಾದರೋ ಯಾರಿಗೂ ಪ್ರಯೋಜನವಿಲ್ಲ. ಅದರ ತಾಮ್ರ ಕಳ್ಳರ ಪಾಲು, ಎಣ್ಣೆ ಹಳ್ಳದ ಪಾಲು.

ಕೊನೆಯ ಪ್ರಶ್ನೆ, ತಕ್ಕಡಿಗೆ ಸಿಗದೆ ಹೋಗುವುದು ಯಾವುದು? ಇದಕ್ಕೆ ನಮ್ಮ ಜಿಲ್ಲೆಯ ಭದ್ರಾವತಿಯನ್ನು ನೋಡಬೇಕು. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ ಹುಟ್ಟಿದ ಅಲ್ಲಿನ ಕಬ್ಬಿಣದ ಕಾರ್ಖಾನೆ ೧೯೨೩ರಲ್ಲಿ ಕೆಲಸ ಆರಂಭಿಸಿತು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕಾಡಿನ ಸೌದೆಯನ್ನು ಇದ್ದಿಲು ಮಾಡಿ, ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿದ ಸಾಹಸವದು. ಸೌದೆಯನ್ನು ಭಟ್ಟಿ ಇಳಿಸಿದಾಗ ಬರುವ ಮದ್ಯಸಾರ, ಟಾರುಗಳನ್ನೂ ಪೋಲು ಮಾಡಲಿಲ್ಲ. ೨೦೨೩ರ ಜನವರಿಯಲ್ಲಿ ಈ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಿತು. ಕಾರ್ಮಿಕರು ಬೀದಿಗಿಳಿದು ಹೋರಾಡಿದರು. ಅದೇ ವರ್ಷ ಕಬ್ಬಿಣವನ್ನು ಉರುಳಿಸುವ ವಿಭಾಗದ ಕೆಲಸ ಒಂದಿಷ್ಟು ಮರಳಿ ನಡೆಯಿತು. ಅದೇ ಊರಿನ ಮೈಸೂರು ಕಾಗದದ ಕಾರ್ಖಾನೆ ೧೯೩೬ರಲ್ಲಿ ಹುಟ್ಟಿದ್ದು; ೨೦೧೫ರಲ್ಲಿ ಅದರ ಯಂತ್ರಗಳು ನಿಂತವು. ಇಂಥ ಕಡೆ ಕಬ್ಬಿಣಕ್ಕೆ ಟನ್ನಿಗೆ ಇಷ್ಟೆಂದು ಹರಾಜು ಕೂಗಬಹುದು. ಆದರೆ ಕುಲುಮೆಯ ಬಾಯಿಯ ಬಣ್ಣವನ್ನು ನೋಡಿಯೇ ಒಳಗಿನ ಹದವನ್ನು ಹೇಳುವ ಕಣ್ಣಿಗೆ, ಚಕ್ರದ ಸದ್ದಿನಲ್ಲೇ ಬೇರಿಂಗಿನ ಸವೆತವನ್ನು ಅರಿಯುವ ಕಿವಿಗೆ ಯಾವ ತೂಕದ ಬಟ್ಟು ಇದೆ? ಯಂತ್ರವನ್ನು ಕರಗಿಸಿ ಮತ್ತೊಂದು ಯಂತ್ರವನ್ನು ಮಾಡಬಹುದು. ಚದುರಿಹೋದ ಕೆಲಸಗಾರರ ತಿಳಿವಳಿಕೆಯನ್ನು ಕರಗಿಸಿ ಎರಕ ಹೊಯ್ಯಲು ಬಾರದು.

ಆದಕಾರಣ ಯಾವುದೇ ದೊಡ್ಡ ಯಂತ್ರಕ್ಕೆ ಜ್ವಾಲೆ ತಗಲುವ ಮೊದಲು ನಾಲ್ಕು ಕೆಲಸಗಳು ನಡೆಯಬೇಕು. ಅದಕ್ಕೆ ಬೇರೆ ಕೆಲಸ ಸಿಗುವುದೇ ಎಂದು ಪ್ರಾಮಾಣಿಕವಾಗಿ ಹುಡುಕಬೇಕು. ಅದರ ನಕ್ಷೆಗಳನ್ನೂ ದಿನಚರಿ ಪುಸ್ತಕಗಳನ್ನೂ ಎತ್ತಿಡಬೇಕು. ಅದನ್ನು ನಡೆಸಿದವರನ್ನು ಕೂರಿಸಿ, ಅವರ ಅನುಭವವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಬಿಚ್ಚುವವನ ಕಣ್ಣಿಗೂ ಕೈಗೂ ಉಸಿರಿಗೂ ರಕ್ಷೆ ಒದಗಿಸಬೇಕು. ಇವುಗಳಲ್ಲಿ ಮೂರನೆಯದಕ್ಕೆ ಎಂಜಿನಿಯರೇ ಬೇಕಾಗಿಲ್ಲ. ಕಿವಿಗೊಟ್ಟು ಕೇಳುವ ತಾಳ್ಮೆ, ಕೇಳಿದ್ದನ್ನು ತಪ್ಪಿಲ್ಲದೆ ಬರೆಯುವ ಕನ್ನಡ ಇದ್ದರೆ ಸಾಕು. ನಮ್ಮಂಥ ಕಲಾ ಕಾಲೇಜುಗಳ ವಿದ್ಯಾರ್ಥಿಗಳು ಬೇಸಗೆಯ ರಜದಲ್ಲಿ ಭದ್ರಾವತಿಗೋ ಜೋಗಕ್ಕೋ ಹೋಗಿ, ನಿವೃತ್ತರಾದ ಕೆಲಸಗಾರರ ಮುಂದೆ ಕುಳಿತು, ಈ ಕೆಲಸವನ್ನು ಇಂದೇ ಆರಂಭಿಸಬಹುದು. ಅವರೆಲ್ಲ ಈಗ ವಯಸ್ಸಾದವರು. ತಡಮಾಡಿದರೆ ಬರೆದುಕೊಳ್ಳಲು ಯಾರೂ ಉಳಿದಿರುವುದಿಲ್ಲ.