ಹರಾಜಿನಲ್ಲಿ ಕೊಂಡ ರೈಲು ಮನೆಗೆ ಬರುವುದು ಹೇಗೆ?

(2021ರ ಮಾರ್ಚ್‌ನಲ್ಲಿ, ಇಂಗ್ಲೆಂಡಿನ ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಬಂದ ಪ್ರಶ್ನೆ, ಆಗಲೇ ಕೊಟ್ಟ ಉತ್ತರ. ಇಲ್ಲಿರುವ ನಿಯಮ, ಸುಂಕ, ದರ, ಪದ್ಧತಿಗಳೆಲ್ಲ ಆಗಿನವು.)

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಹನ್ನೆರಡು ವರ್ಷದಿಂದ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ಹೆಂಡತಿ, ಮಕ್ಕಳೂ ಇಲ್ಲೇ ಇದ್ದಾರೆ; ಅವ್ವ, ಅಣ್ಣ ಊರಿನಲ್ಲಿದ್ದಾರೆ. ಅಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಚಿಕ್ಕವನಿದ್ದಾಗ ದುರ್ಗದ ಬೈಲಿನ ಅಂಗಡಿಯೊಂದರಲ್ಲಿ ಚಾವಿ ಕೊಟ್ಟರೆ ಓಡುವ ರೈಲು ನೋಡಿ ಹಟ ಹಿಡಿದಿದ್ದೆ. ಅಪ್ಪ ಒಳಗೆ ಹೋಗಿ ಬೆಲೆ ಕೇಳಿ, ಏನೂ ಮಾತಾಡದೆ ಹೊರಗೆ ಬಂದರು. ಆ ವಾರ ಬೆಂಕಿಪೊಟ್ಟಣಗಳನ್ನು ದಾರದಲ್ಲಿ ಪೋಣಿಸಿ, ಅಂಗಿ ಗುಂಡಿಯ ಗಾಲಿ ಹಚ್ಚಿ ಒಂದು ರೈಲು ಮಾಡಿಕೊಟ್ಟರು. ಕಳೆದ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ವಿಮಾನಗಳೇ ಇರಲಿಲ್ಲ. ಅಣ್ಣ ಫೋನಿನಲ್ಲಿ ತೋರಿಸಿದಷ್ಟನ್ನು ನೋಡಿದೆ.

ಹೋದ ತಿಂಗಳು ಈಶಾನ್ಯ ಇಂಗ್ಲೆಂಡಿನ ಹರಾಜು ಮನೆಯೊಂದರ ಆನ್‌ಲೈನ್ ಹರಾಜಿನಲ್ಲಿ ಒಂದು ಲಾಟ್ ಕೊಂಡೆ. ಹಾರ್ನ್‌ಬಿಯ ಹಳೆಯ ಚಾವಿ ಎಂಜಿನ್, ನಾಲ್ಕು ಡಬ್ಬಿ, ತಗಡಿನ ಒಂದು ಸ್ಟೇಷನ್, ಯುದ್ಧಕ್ಕೂ ಹಿಂದಿನ ಮೂರು ಡಿಂಕಿ ಕಾರು, ಜೊತೆಗೆ ಒಂದು ಸೆಲ್ಯುಲಾಯ್ಡ್ ಬೊಂಬೆ. 420 ಪೌಂಡಿಗೆ ಸುತ್ತಿಗೆ ಬಿತ್ತು. ಕಮಿಷನ್, ವ್ಯಾಟ್ ಸೇರಿ 530 ದಾಟಿತು. ಹೆಂಡತಿಗೆ 150 ಎಂದಿದ್ದೇನೆ. ಅವಳು ಆಸ್ಪತ್ರೆಯಲ್ಲಿ ನರ್ಸ್, ಈ ಚಳಿಗಾಲವಿಡೀ ಕೋವಿಡ್ ವಾರ್ಡಿನಲ್ಲಿ ದುಡಿದಿದ್ದಾಳೆ.

ಹರಾಜು ಮನೆಯವರು ತಾವು ಪ್ಯಾಕ್ ಮಾಡಿ ಕಳಿಸುವುದಿಲ್ಲ, ಮಾರ್ಚ್ 20ರೊಳಗೆ ಒಯ್ಯಬೇಕು, ಆಮೇಲೆ ದಿನಕ್ಕಿಷ್ಟು ಬಾಡಿಗೆ ಅನ್ನುತ್ತಾರೆ. 250 ಮೈಲಿ ದೂರ. ಗೆಳೆಯನೊಬ್ಬನ ಹತ್ತಿರ ವ್ಯಾನ್ ಇದೆ, ಬೆಳಗಿನ ಜಾವ ಹೊರಟು ರಾತ್ರಿಯೊಳಗೆ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುತ್ತಾನೆ. ಏಪ್ರಿಲ್‌ನಲ್ಲಿ ಅಪ್ಪನ ವರ್ಷದ ತಿಥಿ. ಅಷ್ಟರೊಳಗೆ ಎಂಜಿನ್ ಹುಬ್ಬಳ್ಳಿಗೆ ಮುಟ್ಟಿ, ಅಪ್ಪನ ಫೋಟೋದ ಕೆಳಗೆ ಇರಬೇಕು ಅಂತ ಆಸೆ. ಏನು ಮಾಡಲಿ?
— ಒಬ್ಬ ಓದುಗ, ರೆಡಿಂಗ್

ಉತ್ತರ: ವ್ಯಾನ್ ಹತ್ತಬೇಡಿ. ಮೊದಲು ಇದನ್ನು ಹೇಳಿಯೇ ಮುಂದಿನ ಮಾತು. 2021ರ ಜನವರಿ 6ರಿಂದ ಇಂಗ್ಲೆಂಡಿನಲ್ಲಿ ತಕ್ಕ ಕಾರಣವಿಲ್ಲದೆ ಮನೆ ಬಿಡುವಂತಿಲ್ಲ. ಬಿಟ್ಟರೂ ನಮ್ಮ ಊರಿನ ಸುತ್ತಮುತ್ತಲೇ ಇರಬೇಕೆಂಬ ಸೂಚನೆ ಇದೆ. ಮೊದಲ ತಪ್ಪಿಗೆ 200 ಪೌಂಡ್ ದಂಡ. ಅಂಗಡಿಯಿಂದ ಸಾಮಾನು ಎತ್ತಿಕೊಂಡು ಬರಲು ಅವಕಾಶವಿದೆಯಲ್ಲ ಎಂದು ನಿಮ್ಮ ಗೆಳೆಯರು ವಾದ ಮಾಡಬಹುದು. ಆದರೆ ಆ ಅವಕಾಶ ಇರುವುದು ಪಕ್ಕದ ಬೀದಿಗೆ; ಅರ್ಧ ದೇಶ ದಾಟುವುದಕ್ಕಲ್ಲ. ದಂಡ ಬೀಳದೆ ಹೋದರೂ, ಬೇರೆ ಮನೆಯವರ ಜೊತೆ ಮುಚ್ಚಿದ ವ್ಯಾನಿನಲ್ಲಿ ಎಂಟೊಂಬತ್ತು ತಾಸು ಕೂತು ಬಂದು, ಮರುದಿನ ವಾರ್ಡಿಗೆ ಹೋಗುವ ಹೆಂಡತಿಯ ಎದುರು ಊಟಕ್ಕೆ ಕೂಡುತ್ತೀರಿ. ಅದನ್ನು ಯೋಚಿಸಿ.

ಮಾರ್ಚ್ 20 ಎಂಬ ತಾರೀಕು ನಿಮ್ಮನ್ನು ಓಡಿಸುತ್ತಿದೆ, ನಿಜ. ಅದಕ್ಕಿಂತ ಹೆಚ್ಚು ಓಡಿಸುತ್ತಿರುವುದು ತಿಥಿಯ ದಿನ. ಮೊದಲನೆಯದನ್ನು ಒಂದು ಪತ್ರದಿಂದ ಮುಂದಕ್ಕೆ ಹಾಕಬಹುದು. ಎರಡನೆಯದರ ಮಾತು ಆಮೇಲೆ ಆಡೋಣ.

ಬ್ರಿಟನ್ನಿನ 1979ರ ಸರಕು ಮಾರಾಟ ಕಾಯಿದೆಯ ಪ್ರಕಾರ ಸುತ್ತಿಗೆ ಬಿದ್ದಾಗಲೇ ಹರಾಜಿನ ಮಾರಾಟ ಮುಗಿದಂತೆ. ಸಾಮಾನ್ಯವಾಗಿ ಹರಾಜು ಮನೆಗಳ ಷರತ್ತುಗಳೂ ಆ ಕ್ಷಣದಿಂದ ಲಾಟ್‌ನ ಹೊಣೆಯನ್ನು ಕೊಂಡವರ ಮೇಲೇ ಹಾಕುತ್ತವೆ. ಆದ್ದರಿಂದ ಅವರ ಗೋದಾಮಿನಲ್ಲಿರುವುದು ನಿಮ್ಮ ಸ್ವತ್ತು ಎಂಬ ತಿಳಿವಳಿಕೆಯಿಂದ ಬರೆಯಿರಿ. ನಾಳೆಯೇ ಮೇಲ್ ಕಳಿಸಿ. ಲಾಟ್ ಸಂಖ್ಯೆ, ರಸೀದಿ ಸಂಖ್ಯೆ, ಹಣ ಕಟ್ಟಿದ ದಿನ ಇರಲಿ. ನಿರ್ಬಂಧದಿಂದಾಗಿ ನಾನೇ ಬರಲಾರೆ, ಒಯ್ಯುವವರನ್ನು ಗೊತ್ತು ಮಾಡುತ್ತಿದ್ದೇನೆ, ಏಪ್ರಿಲ್ ಕೊನೆಯವರೆಗೆ ಬಾಡಿಗೆಯಿಲ್ಲದೆ ಇಟ್ಟುಕೊಳ್ಳುವಿರಾ ಎಂದು ಕೇಳಿ. 2021ರ ಫೆಬ್ರವರಿ 22ರಂದು ಸರ್ಕಾರ ಹೇಳಿದ ಕ್ರಮದ ಪ್ರಕಾರ ಅಂಗಡಿಗಳು ತೆರೆಯುವುದು ಏಪ್ರಿಲ್ 12ಕ್ಕಿಂತ ಮುಂಚೆ ಅಲ್ಲ. ಇದು ಹರಾಜು ಮನೆಯವರಿಗೂ ಗೊತ್ತು. ಬಾಗಿಲು ಹಾಕಿಕೊಂಡು ಆನ್‌ಲೈನ್‌ನಲ್ಲೇ ಹರಾಜು ಕೂಗುವವರಿಗೆ ದೂರದ ಗಿರಾಕಿಗಳೇ ಆಧಾರ. ಸೌಜನ್ಯದಿಂದ, ಗಡುವಿಗೆ ಮುಂಚೆ ಕೇಳಿದರೆ ಒಪ್ಪುವ ಸಂಭವವೇ ಹೆಚ್ಚು. ಉತ್ತರ ಫೋನಿನಲ್ಲಿ ಬಂದರೆ, ಅದನ್ನೇ ಮೇಲ್‌ನಲ್ಲಿ ಬರೆದು ಖಚಿತ ಮಾಡಿಕೊಳ್ಳಿ. ಅದೇ ಪತ್ರದಲ್ಲಿ ಪ್ರತಿಯೊಂದು ಸಾಮಾನಿನ ತಳಭಾಗದ ಫೋಟೋವನ್ನೂ ಕೇಳಿ. ಯಾಕೆಂದು ಹೇಳುತ್ತೇನೆ.

ಹಾರ್ನ್‌ಬಿ ರೈಲು, ಡಿಂಕಿ ಕಾರು ಎರಡೂ ಒಂದೇ ತಾಯಿಯ ಮಕ್ಕಳು. ಲಿವರ್‌ಪೂಲಿನ ಬಿನ್ಸ್ ರೋಡಿನಲ್ಲಿದ್ದ ಮೆಕ್ಯಾನೊ ಕಾರ್ಖಾನೆಯವು. ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ತೂತಿನ ಪಟ್ಟಿಗಳ ಜೋಡಣೆ ಆಟಿಕೆಗೆ ಪೇಟೆಂಟ್ ಪಡೆದರು. 1920ರಲ್ಲಿ ತಗಡಿನ ರೈಲು ಬಂತು, 30ರ ದಶಕದಲ್ಲಿ ಡಿಂಕಿ. ಆ ಕಾರುಗಳ ಹಳೆಯ ಅಚ್ಚುಗಳಲ್ಲಿ ಕೆಲವು ಮುಂದೆ ಕಲ್ಕತ್ತೆಗೆ ಬಂದು, ನಿಕ್ಕಿ ಎಂಬ ಹೆಸರಿನಲ್ಲಿ ನಮ್ಮಲ್ಲೂ ಕಾರುಗಳಾದವು. ಡಿಂಕಿ ಕಾರಿನ ಮೈ ತಗಡಲ್ಲ, ಸತುವಿನ ಮಿಶ್ರಲೋಹದ ಎರಕ. ಯುದ್ಧಕ್ಕೂ ಹಿಂದಿನ ಎರಕದಲ್ಲಿ ಎಷ್ಟೋ ಸಲ ಸೀಸದ ಕಲಬೆರಕೆ ಇರುತ್ತಿತ್ತು. ಅತಿ ಸ್ವಲ್ಪವೇ ಇದ್ದರೂ ಸಾಕು, ವರ್ಷಗಳು ಕಳೆದಂತೆ ಲೋಹದ ಕಣಗಳ ನಡುವೆ ಸವೆತ ಶುರುವಾಗಿ ಮೈ ಉಬ್ಬುತ್ತದೆ, ಕೂದಲೆಳೆಯ ಬಿರುಕು ಬಿಡುತ್ತದೆ, ಕೊನೆಗೆ ಒಣರೊಟ್ಟಿಯಂತೆ ಮುರಿಯುತ್ತದೆ. ಇದಕ್ಕೆ ಮದ್ದಿಲ್ಲ. ನಿಮ್ಮ ಎಂಜಿನ್ನಿನ ಮೈ ತಗಡೇ ಆದರೂ, ಆ ಕಾಲದ ಹಾರ್ನ್‌ಬಿಯ ಎರಕದ ಗಾಲಿಗಳಿಗೂ ಇದೇ ಕಾಯಿಲೆ. ಮೇಲಿನ ಬಣ್ಣ ಚೆನ್ನಾಗಿದ್ದಾಗ ಬಿರುಕು ಕಾಣಿಸುವುದು ಕೆಳಗಡೆ, ಗಾಲಿಗಳ ಅಚ್ಚಿನ ಹತ್ತಿರ. ಅದಕ್ಕೇ ತಳಭಾಗದ ಫೋಟೋ. ಸಾಗಿಸುವ ಮೊದಲು ಬಿರುಕಿತ್ತೋ, ದಾರಿಯಲ್ಲಿ ಬಂತೋ ಎಂಬ ತಕರಾರಿಗೂ ಅದೇ ಸಾಕ್ಷಿ.

ಇದು ನಾನು ಪೆಟ್ಟು ತಿಂದು ಕಲಿತದ್ದು. ಕೆಲವು ವರ್ಷಗಳ ಹಿಂದೆ ಅಂಥದೇ ಒಂದು 30ರ ದಶಕದ ಲಾರಿಯನ್ನು ದೂರದಿಂದ ತರಿಸಿದ್ದೆ. ಮಾರಿದವರು ಸುದ್ದಿಪತ್ರಿಕೆಯಲ್ಲಿ ಸುತ್ತಿ, ಒಂದೇ ಪೆಟ್ಟಿಗೆಯಲ್ಲಿ ಇಟ್ಟು ಕಳಿಸಿದರು. ತೆರೆದರೆ ಲಾರಿ ಏಳು ಚೂರು. ಕೊರಿಯರ್‌ನವರು ಪ್ಯಾಕಿಂಗ್ ಸರಿಯಿಲ್ಲ ಎಂದರು, ಮಾರಿದವರು ಕೊರಿಯರ್‌ನವರ ತಪ್ಪು ಎಂದರು. ಇಬ್ಬರ ನಡುವೆ ನನ್ನ ದುಡ್ಡೂ ಹೋಯಿತು, ಲಾರಿಯೂ ಹೋಯಿತು. ಆ ಚೂರುಗಳು ಈಗಲೂ ನನ್ನ ಮೇಜಿನ ಸೆಳೆಖಾನೆಯಲ್ಲಿವೆ.

ಅಂದಿನಿಂದ ನಾನು ಬಿಡದೆ ಪಾಲಿಸುವುದು ಇದು: ಪ್ಯಾಕ್ ಮಾಡುವವರು, ಒಯ್ಯುವವರು ಒಬ್ಬರೇ ಆಗಿರಬೇಕು. ಹರಾಜು ಮನೆಗೆ ಬಂದು ಲಾಟ್ ಎತ್ತಿಕೊಂಡು, ತಮ್ಮ ಅಂಗಡಿಯಲ್ಲಿ ಪ್ಯಾಕ್ ಮಾಡಿ, ವಿಮೆ ಮಾಡಿಸಿ ಕಳಿಸುವ ಅಂಗಡಿಗಳು ಬ್ರಿಟನ್ನಿನ ಅನೇಕ ಊರುಗಳಲ್ಲಿವೆ. ಲಾಕ್‌ಡೌನಿನಲ್ಲೂ ಸರಕು ಸಾಗಣೆ ನಡೆಯುತ್ತಲೇ ಇದೆ. ನಿಮ್ಮ ಹರಾಜು ಮನೆಯನ್ನೇ ಕೇಳಿ, ವಾರವಾರ ಅವರ ಬಾಗಿಲಿಗೆ ಬರುವವರು ಯಾರೆಂದು ಅವರಿಗೆ ಗೊತ್ತಿರುತ್ತದೆ. ಹಳೆಯ ಸಾಮಾನಿನ ವ್ಯಾಪಾರಿಗಳಿಗಾಗಿ ಊರಿಂದೂರಿಗೆ ಸುತ್ತು ಹಾಕುವ ವ್ಯಾನಿನವರೂ ಇದ್ದಾರೆ. ಅವರು ನಿಧಾನ, ಆದರೆ ಸಾಮಾನು ಹತ್ತು ಗೋದಾಮುಗಳ ಕನ್ವೇಯರ್ ಪಟ್ಟಿಯ ಮೇಲೆ ಉರುಳುವುದಿಲ್ಲ. ಅಗ್ಗದ ಕೊರಿಯರನ್ನು ಆನ್‌ಲೈನ್‌ನಲ್ಲಿ ನೀವೇ ಬುಕ್ ಮಾಡುವುದು ಬೇಡ. ಅವರ ಷರತ್ತುಗಳನ್ನು ಓದಿದರೆ, ಪುರಾತನ ವಸ್ತು, ಗಾಜು ಇಂಥವಕ್ಕೆ ಪರಿಹಾರವಿಲ್ಲ ಎಂಬ ಸಾಲು ಎಷ್ಟೋ ಕಡೆ ಸಿಗುತ್ತದೆ. ಪ್ಯಾಕ್ ಮಾಡಿಸಿ ಅಂಚೆಯಲ್ಲೇ ತರಿಸುವುದಾದರೆ ರಾಯಲ್ ಮೇಲ್‌ನ ಸ್ಪೆಷಲ್ ಡೆಲಿವರಿ ಆಗಬಹುದು, ಹೆಚ್ಚಿನ ಹಣ ಕಟ್ಟಿದರೆ 2500 ಪೌಂಡ್‌ವರೆಗೆ ಪರಿಹಾರದ ಭರವಸೆ ಇದೆ. ಕೋವಿಡ್ ಶುರುವಾದಾಗಿನಿಂದ ಅವರು ಸಹಿ ಹಾಕಿಸಿಕೊಳ್ಳುತ್ತಿಲ್ಲ, ಬಾಗಿಲು ಬಡಿದು ಹೊಸ್ತಿಲಲ್ಲಿಟ್ಟು ದೂರ ನಿಲ್ಲುತ್ತಾರೆ. ಆ ದಿನ ಮನೆಯಲ್ಲೇ ಇರಿ.

ಯಾರೇ ಪ್ಯಾಕ್ ಮಾಡಲಿ, ಕೆಲವನ್ನು ಬರೆದುಕೊಡಿ. ಪ್ರತಿಯೊಂದನ್ನೂ ಆಮ್ಲವಿಲ್ಲದ ತೆಳುಕಾಗದದಲ್ಲಿ ಸುತ್ತಿ, ಅದರ ಮೇಲೆ ಗುಳ್ಳೆ ಪ್ಲಾಸ್ಟಿಕ್. ಗುಳ್ಳೆ ನೇರವಾಗಿ ಬಣ್ಣಕ್ಕೆ ತಾಗಿದರೆ ಹಳೆಯ ಬಣ್ಣದ ಮೇಲೆ ಉಂಗುರದ ಗುರುತು ಕೂರುತ್ತದೆ. ಎಂಜಿನ್ನನ್ನು ಅದರದೇ ಹಳೆಯ ರಟ್ಟಿನ ಪೆಟ್ಟಿಗೆಯೊಳಗೆ ಇಟ್ಟು ಕಳಿಸಬಾರದು. ಭಾರಕ್ಕೆ ಪೆಟ್ಟಿಗೆಯ ಕಿವಿಗಳು ಹರಿಯುತ್ತವೆ. ಸಂಗ್ರಹಕಾರರು ಆ ಖಾಲಿ ಪೆಟ್ಟಿಗೆಗೂ ಒಳ್ಳೆಯ ಬೆಲೆ ಕೊಡುತ್ತಾರೆ, ಅದನ್ನು ಬೇರೆಯಾಗಿ ಸುತ್ತಲಿ, ಅದಕ್ಕೆ ಟೇಪು ಮುಟ್ಟಿಸದಿರಲಿ. ಸ್ಪ್ರಿಂಗ್ ಪೂರ್ತಿ ಸಡಿಲ ಬಿಟ್ಟಿರಲಿ. ಚಾವಿ ಒಂದು ಪುಟ್ಟ ಚೀಲದಲ್ಲಿ. ಎಲ್ಲವೂ ಒಂದು ಪೆಟ್ಟಿಗೆಯಲ್ಲಿ, ಆ ಪೆಟ್ಟಿಗೆ ಇನ್ನೊಂದು ದೊಡ್ಡ ಪೆಟ್ಟಿಗೆಯಲ್ಲಿ, ನಡುವೆ ಸುತ್ತಲೂ ನಾಲ್ಕು ಬೆರಳಗಲ ಮೆತ್ತೆ. ಇದಕ್ಕೆ ಹಣ ಹೆಚ್ಚು ಬೀಳುತ್ತದೆ. ಮರುದಿನವೇ ಬರಲಿ ಎಂದು ವೇಗಕ್ಕೆ ಕೊಡುವ ಹಣವನ್ನು ಉಳಿಸಿ ಇಲ್ಲಿ ಹಾಕಿ.

ಬೊಂಬೆಯ ಮಾತು ಬೇರೆ. ಹಳೆಯ ಸೆಲ್ಯುಲಾಯ್ಡ್ ಎಂದರೆ ನೈಟ್ರೇಟ್ ಮಾಡಿದ ಸೆಲ್ಯುಲೋಸ್, ಹತ್ತಿದರೆ ಭಗ್ಗನೆ ಉರಿಯುತ್ತದೆ. ಅಂಚೆಯವರಿಗೆ ಅದು ಬೆಂಕಿಯ ಅಪಾಯದ ಸರಕು. ಸಣ್ಣದಲ್ಲವೇ, ರೈಲಿನ ಜೊತೆ ಹೋಗಿಬಿಡಲಿ ಎಂದು ಬಚ್ಚಿಟ್ಟು ಕಳಿಸಬೇಡಿ. ಅಂಚೆ ಚೀಲವನ್ನು ಹೊರುವವರೂ ನಿಮ್ಮ ಹೆಂಡತಿಯ ಹಾಗೆ ಈ ವರ್ಷವಿಡೀ ಮನೆಯಲ್ಲಿ ಕೂರಲಾಗದೆ ದುಡಿದವರು. ಬೊಂಬೆಯನ್ನು ಮುಂದಿನ ಹರಾಜಿಗೆ ಹಾಕಿ ಎಂದು ಹೇಳಿ, ಅಥವಾ ದಾರಿ ತೆರೆದ ಮೇಲೆ ನೀವೇ ಹೋಗಿ ತನ್ನಿ. ಹೋಗುವುದಾದರೆ ಹೆಂಡತಿ, ಮಕ್ಕಳನ್ನೂ ಕರೆದೊಯ್ಯಿರಿ. 1825ರಲ್ಲಿ ಉಗಿಬಂಡಿ ಓಡಿದ ಮೊದಲ ಸಾರ್ವಜನಿಕ ರೈಲುದಾರಿ, ಸ್ಟಾಕ್‌ಟನ್‌–ಡಾರ್ಲಿಂಗ್ಟನ್‌, ಅದೇ ಸೀಮೆಯದು. ಅರವತ್ತು ವರ್ಷ ಕಳೆದು, 1885ರಲ್ಲಿ ಹುಬ್ಬಳ್ಳಿಯ ವರ್ಕ್‌ಶಾಪ್ ಶುರುವಾಯಿತು. ನಿಮ್ಮ ಅಪ್ಪ ಕೈಮಸಿ ಮಾಡಿಕೊಂಡ ಕಸುಬಿನ ತವರನ್ನು ಸಾವಕಾಶವಾಗಿ ನೋಡಿ.

ಇನ್ನು ಹುಬ್ಬಳ್ಳಿ. ಈಗ ಎಂಜಿನ್ನನ್ನು ಕೊರಿಯರ್‌ನಲ್ಲಿ ಅಲ್ಲಿಗೆ ಕಳಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. 2019ರ ಡಿಸೆಂಬರ್‌ನಿಂದ ಹೊರದೇಶದ ಉಡುಗೊರೆಗಳು ಅಂಚೆಯಲ್ಲಾಗಲಿ ಕೊರಿಯರ್‌ನಲ್ಲಾಗಲಿ ಸುಂಕ ಕಟ್ಟದೆ ಭಾರತಕ್ಕೆ ಬರುವಂತಿಲ್ಲ. ರಾಖಿಗೂ ಜೀವ ಉಳಿಸುವ ಔಷಧಕ್ಕೂ ಮಾತ್ರ ವಿನಾಯಿತಿ. 2020ರ ಬಜೆಟ್‌ನಲ್ಲಿ ಆಟಿಕೆಗಳ ಆಮದು ಸುಂಕ 20ರಿಂದ 60 ಪ್ರತಿಶತಕ್ಕೇರಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಗುರುತೂ ಕಡ್ಡಾಯ. ಎಂಬತ್ತು ವರ್ಷದ ಹಿಂದಿನ ಎಂಜಿನ್ನಿಗೆ ಆ ಗುರುತು ಎಲ್ಲಿಂದ ತರುತ್ತೀರಿ? ಯಾವುದೋ ಕಸ್ಟಮ್ಸ್ ಗೋದಾಮಿನಲ್ಲಿ ಅದು ಮಳೆಗಾಲ ಕಳೆಯುವುದು ಬೇಡ. ನೀವು ಊರಿಗೆ ಹೋಗುವ ದಿನ ಕೈಚೀಲದಲ್ಲಿ ಒಯ್ಯಿರಿ. ಪ್ರಯಾಣಿಕರ ಸಾಮಾನಿಗೆ 50,000 ರೂಪಾಯಿವರೆಗೆ ಸುಂಕವಿಲ್ಲ. ಇಡೀ ಲಾಟ್‌ನ ಬೆಲೆ ಅದರ ಆಸುಪಾಸಿನಲ್ಲಿದೆ, ಎಂಜಿನ್ ಒಂದೇ ಆದರೆ ಅದಕ್ಕಿಂತ ಕಡಿಮೆ. ಹರಾಜಿನ ರಸೀದಿ ಜೊತೆಗಿರಲಿ.

ಹಾಗಾದರೆ ತಿಥಿಗೆ ಎಂಜಿನ್ ಅಪ್ಪನ ಫೋಟೋದ ಕೆಳಗೆ ಇರುವುದಿಲ್ಲ. ಇದನ್ನು ಒಪ್ಪಿಕೊಳ್ಳುವುದು ಕಷ್ಟ ಎಂದು ಬಲ್ಲೆ. ಹೋದ ವರ್ಷ ಮಾರ್ಚ್ ಕೊನೆಯಲ್ಲಿ ಭಾರತ ಹೊರದೇಶದ ವಿಮಾನಗಳನ್ನು ನಿಲ್ಲಿಸಿದ ಮೇಲೆ, ನಿಮ್ಮ ಹಾಗೆ ಸಾವಿರಾರು ಮಕ್ಕಳು ಫೋನಿನ ತೆರೆಯ ಮೇಲೆ ತಂದೆತಾಯಿಯನ್ನು ಕಳಿಸಿಕೊಟ್ಟರು. ಅಂದು ಸಮಯಕ್ಕೆ ಮುಟ್ಟಲಾಗಲಿಲ್ಲ. ಈ ಸಲವಾದರೂ ಏನಾದರೊಂದು ಸಮಯಕ್ಕೆ ಮುಟ್ಟಲಿ ಎಂದು ನಿಮ್ಮ ಜೀವ ಚಡಪಡಿಸುತ್ತಿದೆ. ವ್ಯಾನ್ ಓಡಿಸಿಕೊಂಡು ಹೋಗುವ ಯೋಚನೆಯ ಹಿಂದೆ ನನಗೆ ಕಾಣುತ್ತಿರುವುದು ಅದು. ನೀವು ಅಂದು ಬರಲಿಲ್ಲವೆಂದು ಅಪ್ಪನಾಗಲಿ ಅವ್ವನಾಗಲಿ ಲೆಕ್ಕ ಇಟ್ಟಿಲ್ಲ, ದಾರಿ ಮುಚ್ಚಿತ್ತು. ಅಂಗಡಿಯಿಂದ ಮಾತಾಡದೆ ಹೊರಬಂದ ದಿನದ ಲೆಕ್ಕವನ್ನೂ ಅಪ್ಪ ಅಂದೇ ಬೆಂಕಿಪೊಟ್ಟಣಗಳಲ್ಲಿ ಮುಗಿಸಿದ್ದಾರೆ. ಆ ಎಂಜಿನ್ ಯಾವ ಸಾಲವನ್ನೂ ತೀರಿಸಬೇಕಾಗಿಲ್ಲ. ಅದು ನಿಮ್ಮ ಆಸೆಯ ವಸ್ತು, ಆಸೆಪಡುವುದರಲ್ಲಿ ತಪ್ಪೂ ಇಲ್ಲ.

ತಿಥಿಯ ದಿನ ಮಕ್ಕಳನ್ನು ಕೂಡಿಸಿಕೊಂಡು ಅಪ್ಪ ಮಾಡಿದಂಥ ರೈಲನ್ನು ನೀವು ಮಾಡಿ. ಬೆಂಕಿಪೊಟ್ಟಣ, ದಾರ, ಅಂಗಿ ಗುಂಡಿ ರೆಡಿಂಗ್‌ನಲ್ಲೂ ಸಿಗುತ್ತವೆ. ಫೋನಿನಲ್ಲಿ ಅವ್ವನಿಗೆ ತೋರಿಸಿ, ಅಪ್ಪ ಗಾಲಿ ಹೇಗೆ ಹಚ್ಚುತ್ತಿದ್ದರೆಂದು ಕೇಳಿ. ಅವರಿಗೆ ನಿಮಗಿಂತ ಚೆನ್ನಾಗಿ ನೆನಪಿರುತ್ತದೆ.

ಇದೆಲ್ಲಕ್ಕೂ ಮೊದಲು ಇವತ್ತು ರಾತ್ರಿ ಆಗಬೇಕಾದ ಕೆಲಸ ಒಂದಿದೆ. ಹೆಂಡತಿ ಡ್ಯೂಟಿ ಮುಗಿಸಿ ಬಂದು, ಊಟ ಮಾಡಿ, ಒಂದಿಷ್ಟು ಸುಧಾರಿಸಿಕೊಳ್ಳಲಿ. ಆಮೇಲೆ ರಸೀದಿಯನ್ನೇ ಅವರ ಕೈಗೆ ಕೊಡಿ. 150 ಅಲ್ಲ, 530. ಮೇಲೆ ಪ್ಯಾಕಿಂಗ್, ಸಾಗಣೆ. ಸಿಟ್ಟು ಬಂದರೆ ಬರಲಿ, ಅದಕ್ಕೆ ಎದುರುತ್ತರ ಕೊಡಬೇಡಿ. ಬೆಂಕಿಪೊಟ್ಟಣದ ರೈಲಿನ ಕತೆಯನ್ನು ನನಗೆ ಬರೆದಿದ್ದೀರಿ. ಅವರಿಗೆ ಯಾವತ್ತಾದರೂ ಹೇಳಿದ್ದೀರಾ? ಹೇಳಿರದಿದ್ದರೆ ಅದನ್ನೂ ಹೇಳಿ. ಹರಾಜು ಮನೆಗೆ ಕಳಿಸುವ ಮೇಲನ್ನು ಬೆಳಿಗ್ಗೆ ಇಬ್ಬರೂ ಕೂತು ಬರೆಯಿರಿ.