ಗಾಜು ಜಾರಿದರೆ ಮೋಟಾರನ್ನು ಬೈಯಬೇಡಿ

ಗೆಳೆಯನ ಮನೆಯ ಹಳೇ ಕಾರು. ಒಂದು ಸಂಜೆ ಡ್ರೈವರ್ ಬದಿಯ ಗಾಜು ಅರ್ಧಕ್ಕೆ ಇಳಿದದ್ದು ಮತ್ತೆ ಮೇಲೇಳಲೇ ಇಲ್ಲ. ಹೊರಗೆ ಜೋರು ಮಳೆ. "ಮೋಟಾರ್ ಹೋಗಿದೆ ಕಣೋ" ಅಂತ ನಾವೇ ತೀರ್ಪು ಕೊಟ್ಟು ಹೊಸ ಮೋಟಾರ್ ತಂದೆವು. ಬಾಗಿಲು ಬಿಚ್ಚಿದರೆ ಹಳೇ ಮೋಟಾರ್ ಚೆನ್ನಾಗೇ ತಿರುಗ್ತಿತ್ತು! ಹೋಗಿದ್ದು ರೆಗ್ಯುಲೇಟರ್. ದುಡ್ಡು ಕೊಟ್ಟು ಕಲಿತ ಪಾಠ ಇದು, ನಿಮಗೆ ಪುಕ್ಕಟೆ.

ಮೊದಲು ಒಳಗೇನಿದೆ ನೋಡೋಣ. ಮೋಟಾರ್ ಒಂದು ಡ್ರಮ್ಮನ್ನು ತಿರುಗಿಸುತ್ತದೆ. ಡ್ರಮ್ಮಿಗೆ ಸುತ್ತಿದ ಉಕ್ಕಿನ ಕೇಬಲ್, ಹಳಿಯ ಮೇಲೆ ಕೆಳಗೆ ಇರುವ ರಾಟೆಗಳ ಮೂಲಕ ಹಾದು, ಗಾಜು ಹಿಡಿದ ಪ್ಲಾಸ್ಟಿಕ್ ತುಂಡನ್ನು ಎಳೆಯುತ್ತದೆ. ಮೋಟಾರಿನಲ್ಲಿರುವುದು ವರ್ಮ್ ಗೇರ್. ವರ್ಮ್ ಚಕ್ರವನ್ನು ತಿರುಗಿಸುತ್ತದೆ, ಚಕ್ರ ವರ್ಮನ್ನು ತಿರುಗಿಸಲಾರದು. ಲೀಡ್ ಕೋನವು ಘರ್ಷಣೆ ಕೋನಕ್ಕಿಂತ ಕಡಿಮೆ ಇದ್ದರೆ ಹೀಗಾಗುತ್ತದೆ ಅಂತ ಪರೀಕ್ಷೆಗೆ ಬರೆದಿದ್ದೇವಲ್ಲ, ಅದೇ! ಹಾಗಾಗಿ ಎಲ್ಲ ಸರಿಯಿದ್ದರೆ ಕೈಯಲ್ಲಿ ಒತ್ತಿದರೂ ಗಾಜು ಕೆಳಗೆ ಹೋಗದು. ಸುಲಭವಾಗಿ ಜಾರಿತೋ, ಕೇಬಲ್ಲೋ ಪ್ಲಾಸ್ಟಿಕ್ಕೋ ಮುರಿದಿದೆ ಎಂದರ್ಥ. ಸ್ವಿಚ್ ಒತ್ತಿದಾಗ ಗುಂಯ್ ಅನ್ನೋ ಸದ್ದು ಬಂದು ಗಾಜು ಕದಲದಿದ್ದರೂ ಅಷ್ಟೇ. ಸದ್ದೇ ಇಲ್ಲವಾದರೆ ಫ್ಯೂಸ್, ಸ್ವಿಚ್, ವೈರು, ಕೊನೆಗೆ ಮೋಟಾರ್ ನೋಡಿ. ಮಳೆಯ ಗಲಾಟೆಯಲ್ಲಿ ನಮಗೆ ಆ ಸದ್ದು ಕೇಳಿಸಿರಲಿಲ್ಲ.

ಇನ್ನು ಕೆಲಸ.

1. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಕೈಗವಸು ಹಾಕಿ, ಬಾಗಿಲೊಳಗಿನ ತಗಡಿನ ಅಂಚು ಚಾಕುವಿನಂತಿರುತ್ತದೆ.

2. ಹಿಡಿಕೆಯ ಸ್ಕ್ರೂಗಳನ್ನು ತೆಗೆದು ಡೋರ್ ಪ್ಯಾಡನ್ನು ನಿಧಾನವಾಗಿ ಎಬ್ಬಿಸಿ. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಬಿಡಿಸಿ. ಬಾಗಿಲೊಳಗೆ ಇಳಿಯುವ ಮಳೆನೀರು ಕಾರಿನೊಳಗೆ ಬಾರದಂತೆ ತಡೆಯುವುದು ಅದೇ.

3. ಗಾಜನ್ನು ಮೇಲೆತ್ತಿ, ಚೌಕಟ್ಟಿಗೆ ಎರಡೂ ಬದಿಯಿಂದ ಟೇಪ್ ಬಿಗಿಯಾಗಿ ಅಂಟಿಸಿ. ಆಮೇಲೆಯೇ ಗಾಜಿನ ಬೋಲ್ಟ್‌ಗೆ ಕೈ ಹಾಕಿ. ಜಾರಿ ಬಿದ್ದರೆ ಗಾಜು ಪುಡಿ, ಒಳಗೆ ಬೆರಳಿದ್ದರೆ ಅದರ ಗತಿ ಹೇಳುವುದೇ ಬೇಡ.

4. ರೆಗ್ಯುಲೇಟರಿನ ನಟ್ ಬಿಚ್ಚಿ, ಪ್ಲಗ್ ಕಳಚಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ. ನಟ್ಟುಗಳನ್ನು ಸದ್ಯಕ್ಕೆ ಕೈಯಲ್ಲೇ ಬಿಗಿ ಮಾಡಿ, ಗಾಜನ್ನು ಅದಕ್ಕೆ ಜೋಡಿಸಿ.

5. ಟೇಪ್ ತೆಗೆಯಿರಿ. ಕೈ ಹೊರಗಿಟ್ಟು, ಬ್ಯಾಟರಿ ಜೋಡಿಸಿ ಗಾಜನ್ನು ಮೇಲೆ ಕೆಳಗೆ ಓಡಿಸಿ. ನೇರವಾಗಿ ಹೋಗುತ್ತಿದ್ದರೆ ಎಲ್ಲವನ್ನೂ ಪೂರ್ತಿ ಬಿಗಿದು, ಹಾಳೆ, ಪ್ಯಾಡ್ ಹಾಕಿ.

ಮುಗಿಸುವ ಮುನ್ನ ಗಾಜು ಓಡಾಡುವ ರಬ್ಬರ್ ಚಾನೆಲ್ಲಿನ ಮಣ್ಣು ಒರೆಸಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ನಮ್ಮ ಕಾರಿನಲ್ಲಿ ಗಾಜು ಬಿಗಿಯಾಗಿ ಓಡಿ ಓಡಿಯೇ ಪ್ಲಾಸ್ಟಿಕ್ ಮುರಿದಿತ್ತು. ಅದನ್ನು ಹಾಗೇ ಬಿಟ್ಟಿದ್ದರೆ ಹೊಸದಕ್ಕೂ ಅದೇ ಗತಿ ಬರ್ತಿತ್ತು.

ನಾವು ತಂದ ಮೋಟಾರ್ ಇನ್ನೂ ರೂಮಿನ ಕಪಾಟಿನಲ್ಲಿದೆ. ವರ್ಮ್ ಗೇರ್ ಪಾಠ ಮರೆತವರಿಗೆ ತೋರಿಸಲು ಇಟ್ಟುಕೊಂಡಿದ್ದೇವೆ!