ಸೀಸ ಎಲ್ಲಿಗೆ ಹೋಯ್ತು?

ಹರಿಹರ ತಾಲ್ಲೂಕಿನ ಸಾರಥಿಯಂಥ ಊರಲ್ಲಿ ಟ್ರ್ಯಾಕ್ಟರ್ ಬ್ಯಾಟರಿ ಹಾಳಾದ್ರೆ ಏನ್ಮಾಡ್ತಾರೆ? ಗುಜರಿಗೆ ಹಾಕ್ತಾರೆ. ದುಡ್ಡು ಬಂತು, ಕಥೆ ಮುಗೀತು ಅಂದ್ಕೊಳ್ತೀವಿ. ಆದರೆ ಬ್ಯಾಟರಿಯೊಳಗಿನ ಸೀಸದ ಕಥೆ ಅಲ್ಲಿಂದಲೇ ಶುರು. ಸೀಸ ಒಂದು ಧಾತು. ಸುಟ್ಟರೂ ಕರಗಿಸಿದರೂ ನಾಶವಾಗಲ್ಲ. ರೂಪ, ಜಾಗ ಬದಲಾಗುತ್ತೆ ಅಷ್ಟೇ. ಹಾಗಾಗಿ ಕಾರ್ಖಾನೆಯ ನಿಯಮಗಳನ್ನೆಲ್ಲ ನಾವು ಒಂದೇ ಪ್ರಶ್ನೆ ಇಟ್ಟುಕೊಂಡು ಓದಬಹುದು: ಸೀಸ ಎಲ್ಲಿಗೆ ಹೋಯ್ತು?

ಗಾಳಿಗೆ: ಬ್ಯಾಟರಿ ಪ್ಲೇಟ್‌ಗಳಲ್ಲಿ ಲೆಡ್ ಆಕ್ಸೈಡ್, ಲೆಡ್ ಸಲ್ಫೇಟ್ ಇರುತ್ತವೆ. ಒಡೆದಾಗ ಧೂಳು, ಕುಲುಮೆಗೆ ಹಾಕಿದಾಗ ಹೊಗೆ. 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ಕೆಲಸದ ಜಾಗದ ಗಾಳಿಯಲ್ಲಿ ಸೀಸ 8 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 0.15 ಮಿಲಿಗ್ರಾಂ ಮೀರಬಾರದು ಅಂತಿತ್ತು. ಮಾಸ್ಕ್ ಕೊನೆಯ ರಕ್ಷಣೆ. ಮೊದಲು ಬೇಕಾದ್ದು ಧೂಳು ಏಳುವಲ್ಲೇ ಅದನ್ನು ಎಳೆದುಕೊಳ್ಳುವ ಹುಡ್, ಆಮೇಲೆ ಬ್ಯಾಗ್ ಫಿಲ್ಟರ್. ಒಣ ಪೊರಕೆಯಿಂದ ಗುಡಿಸುವುದಂತೂ ಬೇಡವೇ ಬೇಡ.

ನೀರಿಗೆ: ಹೊಳೆಗೆ ಬಿಡುವ ತ್ಯಾಜ್ಯ ನೀರಿಗೆ ಮಿತಿ ಲೀಟರಿಗೆ 0.1 ಮಿಲಿಗ್ರಾಂ, ಕುಡಿಯುವ ನೀರಿಗೆ 0.01. ಒಂದು ಲೆಕ್ಕ ಹಾಕೋಣ. 1 ಗ್ರಾಂ ಸೀಸ ಪೂರ್ತಿ ಕರಗಿದರೆ 1 ಲಕ್ಷ ಲೀಟರ್ ಶುದ್ಧ ನೀರು ಕುಡಿಯುವ ಮಿತಿಯ ಅಂಚಿಗೆ ಬಂದು ನಿಲ್ಲುತ್ತೆ. ನಮ್ಮ ತುಂಗಭದ್ರೆಯನ್ನು ನೆನೆಸಿಕೊಂಡರೆ ಈ ಲೆಕ್ಕ ಬರೀ ಪರೀಕ್ಷೆಯದ್ದಲ್ಲ. ಅದಕ್ಕೇ ತ್ಯಾಜ್ಯ ನೀರಿಗೆ ಸುಣ್ಣ ಹಾಕಿ, ಪಿಎಚ್ ಏರಿಸಿ, ಸೀಸವನ್ನು ಕೆಳಗೆ ಕೂರಿಸುತ್ತಾರೆ. ಸುಣ್ಣ ಅತಿಯಾದರೆ ಅದು ಮತ್ತೆ ಕರಗುತ್ತೆ, ಜೋಪಾನ!

ಕೆಸರಿಗೆ: ನೀರು ತಿಳಿಯಾಯ್ತು, ಸೀಸ ಕೆಸರಲ್ಲಿ ಉಳೀತು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ಕೆಸರನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅನುಮತಿ ಇರುವ ವಿಲೇವಾರಿ ಘಟಕಕ್ಕೇ ದಾಖಲೆ ಸಮೇತ ಕಳಿಸಬೇಕು.

ಮನೆಗೆ: ಇದು ಪುಸ್ತಕದಲ್ಲಿ ನಮ್ಮ ಕಣ್ಣಿಗೆ ಬೀಳದ ದಾರಿ. ಕಾರ್ಮಿಕರ ಬಟ್ಟೆ, ಚಪ್ಪಲಿ, ಕೂದಲಿನ ಜೊತೆ ಧೂಳು ಮನೆ ಸೇರುತ್ತೆ. ಅಪ್ಪ ಬಂದ ಕೂಡಲೇ ಮಗು ಓಡಿ ಬಂದು ತಬ್ಬಿಕೊಳ್ಳುತ್ತೆ. ಮಕ್ಕಳ ದೇಹ ದೊಡ್ಡವರಿಗಿಂತ ಹೆಚ್ಚು ಸೀಸ ಹೀರಿಕೊಳ್ಳುತ್ತೆ, ಪೆಟ್ಟು ಬೀಳೋದು ಬೆಳೆಯುವ ಮಿದುಳಿಗೆ. ಹಾಗಾಗಿ ಕಾರ್ಖಾನೆಯಲ್ಲೇ ಸ್ನಾನ, ಬೇರೆ ಬಟ್ಟೆ, ಊಟಕ್ಕೆ ಬೇರೆ ಕೋಣೆ, ಕಾಲಕಾಲಕ್ಕೆ ರಕ್ತ ಪರೀಕ್ಷೆ. ಇವು ಸೌಲಭ್ಯ ಅಲ್ಲ, ಸುರಕ್ಷತೆ.

2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಕೆದಾರರ ಮೇಲೂ ಹೊಣೆ ಹೊರಿಸಿವೆ. ಮನೆಯ ಇನ್ವರ್ಟರ್ ಬ್ಯಾಟರಿ ಹಳೇದಾದ್ರೆ ಹೊಸದು ಕೊಡುವ ಅಂಗಡಿಗೇ ವಾಪಸ್ ಕೊಡೋಣ, ರಸೀದಿ ಕೇಳೋಣ. ನಾಳೆ ಪ್ಲಾಂಟ್‌ನಲ್ಲಿ ಲಾಗ್‌ಬುಕ್‌ಗೆ ಸಹಿ ಹಾಕುವವರು ನಾವೇ. ಹಾಕೋ ಮುಂಚೆ ಒಮ್ಮೆ ಕೇಳಿಕೊಳ್ಳೋಣ: ಸೀಸ ಎಲ್ಲಿಗೆ ಹೋಯ್ತು?